ಗ್ರಾಮೀಣ ತಾಯಂದಿರ ಒಂಟಿತನ ಮತ್ತು ಗೆಳೆತನ

ಹಳ್ಳಿಗಳಲ್ಲಿ ಮಕ್ಕಳನ್ನು ಹೆತ್ತು ಸಾಕುತ್ತಿರುವ ಸ್ತ್ರೀಯರು ತುಂಬಿದ ಮನೆಯ ನಡುವೆಯೇ ಬಾಳುತ್ತಿದ್ದರೂ ತಮ್ಮ ಸುಖದುಃಖಗಳನ್ನು ಸಮಾನಳೊಬ್ಬಳ ಎದುರು ನಿಸ್ಸಂಕೋಚವಾಗಿ ಹೇಳಿಕೊಳ್ಳಲಾರದೆ ಉಳಿಯುವ ಸ್ಥಿತಿಯೂ, ಆ ಸ್ಥಿತಿಯನ್ನು ತಕ್ಕಮಟ್ಟಿಗೆ ನೀಗಿಸುವ ಸಖ್ಯಸಂಬಂಧಗಳೂ ಕೂಡಿ ಈ ಲೇಖನದ ವಿಷಯವಾಗಿವೆ. ಸಮಾಜಶಾಸ್ತ್ರ, ಮನೋವೈದ್ಯ, ಪ್ರಸೂತಿಶಾಸ್ತ್ರ, ಜಾನಪದ ಈ ನಾಲ್ಕರ ಎಲ್ಲೆಗಳೂ ಒಂದನ್ನೊಂದು ಮುಟ್ಟುವ ಜಾಗದಲ್ಲಿ ಇದು ಇರುವುದರಿಂದಲೋ ಏನೋ, ಯಾವ ಶಾಸ್ತ್ರವೂ ಇದನ್ನು ತನ್ನದೆಂದು ಪೂರ್ಣವಾಗಿ ಕೈಗೆತ್ತಿಕೊಂಡಿಲ್ಲ. ಇಲ್ಲಿ ಕರ್ನಾಟಕದ ಹಳ್ಳಿಗಳನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡು, ಅನ್ಯ ಪ್ರಾಂತಗಳ ಮತ್ತು ದೇಶಗಳ ಸಂಗತಿಗಳನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ಹೇಳಿದೆ. 2011ರ ಜನಗಣತಿಯ ಪ್ರಕಾರ ರಾಜ್ಯದ 6.11 ಕೋಟಿ ಜನರಲ್ಲಿ ಸುಮಾರು 3.74 ಕೋಟಿ ಜನ ಗ್ರಾಮವಾಸಿಗಳಾಗಿದ್ದರೆಂಬುದನ್ನು ನೆನೆದರೆ, ವಿಷಯದ ವ್ಯಾಪ್ತಿ ಸಣ್ಣದಲ್ಲವೆಂಬುದು ತಿಳಿದೀತು.

ಏಕಾಂತವೆಂಬುದು ಬಯಸಿ ಪಡೆಯುವಂಥದು. ಒಂಟಿತನವೆಂಬುದು ಬಯಸದೆ ಬಂದು ಕೂಡುವಂಥದು. ಶಾಸ್ತ್ರಜ್ಞರು ಇನ್ನೂ ಒಂದು ಭೇದವನ್ನು ಮಾಡುತ್ತಾರೆ: ಸಂಪರ್ಕಗಳ ಸಂಖ್ಯೆಯೇ ಕಡಮೆಯಾಗಿರುವುದು ಸಾಮಾಜಿಕ ಪ್ರತ್ಯೇಕತೆ; ಸಂಪರ್ಕಗಳು ಎಷ್ಟಿದ್ದರೂ ಅವುಗಳಲ್ಲಿ ಮನಸ್ಸಿಗೆ ಬೇಕಾದುದು ದೊರೆಯದಿರುವುದು ಒಂಟಿತನ. ಗ್ರಾಮದ ತಾಯಿಯ ವಿಷಯದಲ್ಲಿ ಈ ಎರಡನೆಯದೇ ಹೆಚ್ಚು ನಿಜವೆಂದು ತೋರುತ್ತದೆ. ಅತ್ತೆ, ಮಾವ, ಮೈದುನ, ನಾದಿನಿ, ಓರಗಿತ್ತಿ, ಮಕ್ಕಳು, ಆಳುಕಾಳು, ದನಕರು ಇವುಗಳ ನಡುವೆ ಬೆಳಗಿನ ಕೋಳಿ ಕೂಗಿನಿಂದ ರಾತ್ರಿ ಒಲೆಯ ಬೂದಿ ಮುಚ್ಚುವವರೆಗೂ ಓಡಾಡುವ ಹೆಂಗಸನ್ನು ಒಂಟಿಯೆಂದು ಕರೆಯಲು ನೋಡುವವರಿಗೆ ಮನಸ್ಸು ಬಾರದು. ಅವಳೂ ಹಾಗೆ ಹೇಳಿಕೊಳ್ಳುವುದಿಲ್ಲ. 'ಬೇಜಾರು', 'ಎದೆ ಭಾರ', 'ಮೈಯಲ್ಲಿ ಶಕ್ತಿ ಇಲ್ಲ', 'ತಲೆ ಸಿಡಿಯುತ್ತದೆ' ಎಂಬುವು ಅವಳ ಮಾತುಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್ ಮೊದಲಾದವರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಮನಸ್ಸಿನ ಖಿನ್ನತೆಯನ್ನು ಖಿನ್ನತೆಯೆಂದು ಹೇಳಿಕೊಳ್ಳುವುದು ಜನರಿಗೆ ಕಳಂಕವಾಗಿ ತೋರುವುದೆಂದೂ, ಮೈನೋವಿನ ರೂಪದಲ್ಲಿ ಹೇಳಿಕೊಂಡರೆ ಆ ಕಳಂಕವು ಅಷ್ಟಾಗಿ ತಟ್ಟದೆಂದೂ ತೋರಿಸಿಕೊಟ್ಟಿತು. ಆದುದರಿಂದ ಹಳ್ಳಿಯ ಆಸ್ಪತ್ರೆಗೆ ಬೆನ್ನುನೋವೆಂದು ಪದೇ ಪದೇ ಬರುವ ತಾಯಿಯ ದೂರಿನಲ್ಲಿ ಬೆನ್ನಿಗೆ ಸಂಬಂಧಿಸದ ಭಾಗವೂ ಇರಬಹುದೆಂಬುದನ್ನು ವೈದ್ಯರು ಮರೆಯತಕ್ಕದ್ದಲ್ಲ.

ಒಂಟಿತನದ ಮೊದಲ ಕಾರಣವನ್ನು ಭೂಗೋಳದಲ್ಲಿ ಹುಡುಕಬೇಕು. ಮಲೆನಾಡಿನಲ್ಲಿ ಊರೆಂದರೆ ಮನೆಗಳ ಗುಂಪಲ್ಲ. ಅಡಿಕೆ ತೋಟದ ಪಕ್ಕಕ್ಕೊಂದು, ಗದ್ದೆಯ ಬಯಲನ್ನು ದಾಟಿ ಗುಡ್ಡದ ಓರೆಯಲ್ಲೊಂದು ಹೀಗೆ ಚೆದುರಿದ ಒಂಟಿಮನೆಗಳ ಸಮೂಹ. ಆಗುಂಬೆಯಂತಹ ಸ್ಥಳಗಳಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ನಾಡಿನಲ್ಲಿ, ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಹಳ್ಳ ತುಂಬಿ, ಕಾಲುಸಂಕ ಮುಳುಗಿ, ನೆರೆಮನೆಯ ಹೊಗೆ ಕಣ್ಣಿಗೆ ಕಾಣುತ್ತಿದ್ದರೂ ಅಲ್ಲಿಗೆ ಹೋಗಲಾಗದಂತೆ ದಾರಿ ಕಟ್ಟುವುದುಂಟು. ಹಾಲುಗೂಸಿನ ತಾಯಿಗೆ ಆ ನಾಲ್ಕು ತಿಂಗಳು ಬಹಳ ದೀರ್ಘವಾದುವು. ಬಯಲುಸೀಮೆಯಲ್ಲಾದರೋ ಗೋಡೆಗೆ ಗೋಡೆ ಕೂಡಿದ ಮನೆಗಳು. ಒಂದು ಮನೆಯ ಒಗ್ಗರಣೆಯ ಘಾಟಿಗೆ ಇನ್ನೊಂದು ಮನೆಯವರು ಸೀನುವಷ್ಟು ಸಾಮೀಪ್ಯ. ಆದರೆ ಸಾಮೀಪ್ಯವು ತಾನಾಗಿ ಸಖ್ಯವಾಗುವುದಿಲ್ಲ. ಊರು ಕೇರಿಗಳಾಗಿ ಒಡೆದಿರುವುದರಿಂದ, ನೂರು ಮಾರು ದೂರದಲ್ಲಿ ಅದೇ ವಾರದಲ್ಲಿ ಹೆತ್ತ ಇಬ್ಬರು ತಾಯಂದಿರು, ಅವರಲ್ಲೊಬ್ಬಳು ದಲಿತ ಕೇರಿಯವಳಾಗಿದ್ದರೆ, ಒಬ್ಬರ ಕೂಸನ್ನೊಬ್ಬರು ಎತ್ತಿಕೊಳ್ಳದೆಯೇ ಆಯುಷ್ಯವನ್ನು ಕಳೆಯಬಹುದು. ಗಂಡಸರಿಗೆ ಅರಳಿಕಟ್ಟೆಯುಂಟು, ಹೋಟೆಲಿನ ಬೆಂಚುಂಟು, ಪಂಚಾಯತಿಯ ಜಗಲಿಯುಂಟು. ಕೆಲಸವಿಲ್ಲದೆ ಸುಮ್ಮನೆ ಕುಳಿತಿರಲು ಹೆಂಗಸಿಗೆಂದು ಊರು ಕಟ್ಟಿಕೊಟ್ಟ ಕಟ್ಟೆ ಯಾವುದೂ ಇಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡೇ ಇಡೀ ವಿಷಯವನ್ನು ವಿವರಿಸಬಹುದೆಂದು ನನ್ನ ನಂಬಿಕೆ.

ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ಲೈನುಮನೆಗಳಲ್ಲಿ ಹೊರಗಿನಿಂದ ಬಂದ ಕೂಲಿ ಕುಟುಂಬಗಳ ತಾಯಂದಿರಿಗೆ ಭಾಷೆಯೇ ಬೇಲಿಯಾಗುವುದುಂಟು. ಉತ್ತರ ಕರ್ನಾಟಕದಿಂದ ಗುಳೆ ಹೋಗುವ ಕುಟುಂಬಗಳಲ್ಲಿ, ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲೋ ಇಟ್ಟಿಗೆ ಗೂಡಿನ ಬಳಿಯಲ್ಲೋ ಬಾಣಂತಿಯಾಗುವ ಹೆಂಗಸಿಗೆ ತವರೂ ಇಲ್ಲ, ನೆರೆಯೂ ಇಲ್ಲ.

ಎರಡನೆಯ ಕಾರಣ ವಿವಾಹಪದ್ಧತಿ. ಹೆಣ್ಣು ಮದುವೆಯಾದೊಡನೆ ಗಂಡನ ಊರಿಗೆ ಹೋಗುವ ಸಮಾಜದಲ್ಲಿ ಬಾಲ್ಯದ ಗೆಳೆತನವೆಲ್ಲವೂ ಒಂದೇ ದಿನದಲ್ಲಿ ತುಂಡರಿಸುತ್ತದೆ. ಗಂಡು ಹುಟ್ಟಿದ ಊರಿನಲ್ಲಿಯೇ ಓರಗೆಯವರೊಡನೆ ಮುದುಕನಾಗುತ್ತಾನೆ, ಹೆಣ್ಣು ಇಪ್ಪತ್ತರ ಹರೆಯದಲ್ಲಿ ಹೊಸಬಳಾಗಿ ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ. ಈ ವಿಚಾರದಲ್ಲಿ ಉತ್ತರ ಭಾರತಕ್ಕೂ ದಕ್ಷಿಣಕ್ಕೂ ಇರುವ ಅಂತರವನ್ನು ಇರಾವತಿ ಕರ್ವೆಯವರು ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತ 1953ರ ತಮ್ಮ ಗ್ರಂಥದಲ್ಲಿ ವಿಶದವಾಗಿ ತೋರಿಸಿದ್ದಾರೆ. ಆ ಅಂತರಕ್ಕೂ ಸ್ತ್ರೀಯರ ಸ್ವಾತಂತ್ರ್ಯ, ಶಿಶುಮರಣ ಮೊದಲಾದುವುಗಳಿಗೂ ಸಂಬಂಧವುಂಟೆಂದು ಟಿಮ್ ಡೈಸನ್ ಮತ್ತು ಮಿಕ್ ಮೂರ್ ಎಂಬುವರು 1983ರಲ್ಲಿ ವಾದಿಸಿದರು. ಉತ್ತರದಲ್ಲಿ ಹೆಣ್ಣನ್ನು ಅಪರಿಚಿತ ಕುಲಕ್ಕೆ, ದೂರದ ಹಳ್ಳಿಗೆ ಕೊಡುವುದು ಕ್ರಮ. ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿಯಿಂದಾಗಿ ಅತ್ತೆಯು ಅನೇಕ ವೇಳೆ ಬಾಲ್ಯದಲ್ಲಿ ಎತ್ತಿ ಆಡಿಸಿದವಳೇ ಆಗಿರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 11ರಷ್ಟು ವಿವಾಹಗಳು ರಕ್ತಸಂಬಂಧದೊಳಗಿನವಾದರೆ, ಕರ್ನಾಟಕದಲ್ಲಿ ಅವು ನೂರಕ್ಕೆ 27ರಷ್ಟು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2018ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಗಂಡ ಮತ್ತು ಅತ್ತೆಯನ್ನು ಬಿಟ್ಟರೆ ಮನಸ್ಸಿನ ಮಾತನ್ನೂ ಬಸಿರು-ಬಾಣಂತನದ ಮಾತನ್ನೂ ಆಡಿಕೊಳ್ಳಲು ಜಿಲ್ಲೆಯಲ್ಲೆಲ್ಲ ಒಬ್ಬಾಕೆಗೆ ಸರಾಸರಿ ಇಬ್ಬರೂ ಇರಲಿಲ್ಲವೆಂದು ಕಂಡುಬಂದಿತು; ಅತ್ತೆಯೊಡನೆ ವಾಸಿಸುವವರಿಗೆ ಅಂತಹ ಸಂಗಾತಿಗಳು ಇನ್ನೂ ಕಡಮೆ. ದಕ್ಷಿಣದ ಹೆಣ್ಣು ಇಷ್ಟರಮಟ್ಟಿಗೆ ನಿರಾಶ್ರಿತಳಲ್ಲವೆಂಬುದು ನಿಜ.

ಆದರೆ ಬಂಧುವಿನೊಡನೆ ವಿವಾಹವಾಗುವುದರಲ್ಲಿ ಒಂದು ಸೂಕ್ಷ್ಮ ಸಂಕಟವೂ ಅಡಗಿದೆ. ಅತ್ತೆಯೇ ತಂದೆಯ ಅಕ್ಕನಾದಾಗ, ಗಂಡನೇ ತಾಯಿಯ ತಮ್ಮನಾದಾಗ, ತವರಿಗೆ ಹೋಗಿ ದೂರುವುದಾದರೂ ಯಾರ ಮೇಲೆ? ಹೇಳಿದ ಒಂದು ಮಾತು ಸಂಜೆಯೊಳಗೆ ಎರಡೂ ಮನೆಗಳನ್ನು ಸುತ್ತಿಬಂದು ಹೇಳಿದವಳ ಎದುರಿಗೇ ನಿಲ್ಲುತ್ತದೆ. ಅಂತಹವಳಿಗೆ ರಕ್ತಸಂಬಂಧದ ಬಳ್ಳಿಗೆ ಸೇರದ ಒಬ್ಬ ಹೆಂಗಸು, ಕೇಳಿದುದನ್ನು ಅಲ್ಲಿಯೇ ಬಿಟ್ಟುಹೋಗಬಲ್ಲ ಒಬ್ಬಾಕೆ, ಇತರರಿಗಿಂತಲೂ ಹೆಚ್ಚಾಗಿ ಬೇಕು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಸಂತತಿಯನ್ನು ಹೆಣ್ಣಿನ ಕಡೆಯಿಂದ ಎಣಿಸುತ್ತಿದ್ದುದರಿಂದ ತಾಯಿಯ ಮನೆಯ ಹಕ್ಕು ಮಗಳಿಗೆ ತಪ್ಪುತ್ತಿರಲಿಲ್ಲ. ಅಲ್ಲಿನ ಸ್ತ್ರೀಯರ ನಡೆನುಡಿಯಲ್ಲಿ ಇಂದಿಗೂ ಕಾಣುವ ಒಂದು ಬಗೆಯ ಧೈರ್ಯಕ್ಕೆ ಇದು ಮೂಲವೆಂದು ಹೇಳುವವರುಂಟು, ಆ ಮಾತಿನಲ್ಲಿ ಹುರುಳಿದೆ.

ಹಳ್ಳಿಯ ಹೆಂಗಸರ ಗೆಳೆತನವು ತನ್ನನ್ನು ಗೆಳೆತನವೆಂದು ಕರೆದುಕೊಳ್ಳುವುದು ವಿರಳ. ಅದು ಬಂಧುತ್ವದ ಉಡುಗೆಯನ್ನುಟ್ಟು ಬರುತ್ತದೆ. ಪಕ್ಕದ ಮನೆಯವಳು 'ಅಕ್ಕ'ನೋ 'ಅತ್ತಿಗೆ'ಯೋ 'ಚಿಕ್ಕಮ್ಮ'ನೋ ಆಗುತ್ತಾಳೆ. ಉತ್ತರ ಕರ್ನಾಟಕದಲ್ಲಿ 'ಯಕ್ಕಾ', 'ಯವ್ವಾ' ಎಂಬ ಕರೆಗೆ ಓಗೊಡದ ಮನೆಯಿಲ್ಲ. ಮಗು ಹುಟ್ಟಿದ ಮೇಲಂತೂ ತಾಯಿಯ ಸ್ವಂತ ಹೆಸರೇ ಹಿಂದೆ ಸರಿದು, ಮಗುವಿನ ಹೆಸರಿಗೆ 'ಅಮ್ಮ' ಅಥವಾ 'ಅವ್ವ' ಎಂಬುದನ್ನು ಸೇರಿಸಿ ಊರು ಅವಳನ್ನು ಗುರುತಿಸತೊಡಗುತ್ತದೆ. ಆ ಕರೆಯಲ್ಲಿ ಗೌರವವೂ ಉಂಟು, ಮರವೆಯೂ ಉಂಟು. ತನ್ನ ಹುಡುಗುತನದ ಹೆಸರನ್ನು ಹಿಡಿದು ಏಕವಚನದಲ್ಲಿ ಕರೆಯುವವಳು ಜಾತ್ರೆಯಲ್ಲಿಯೋ ಮದುವೆಮನೆಯಲ್ಲಿಯೋ ಹಠಾತ್ತನೆ ಎದುರಾದಾಗ ಹಳ್ಳಿಯ ಹೆಂಗಸಿನ ಮುಖದಲ್ಲಿ ಮೂಡುವ ಬೆಳಕನ್ನು ಕಂಡವರಿಗೆ ಆ ಮರವೆಯ ಆಳ ತಿಳಿದಿರುತ್ತದೆ.

ತಾಯ್ತನದ ಆರಂಭಕ್ಕೆ ನಮ್ಮ ಸಂಪ್ರದಾಯವು ಕೊಟ್ಟಿರುವ ರಕ್ಷೆ ಬಾಣಂತನ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತಂದು, ಬಯಕೆ ತೀರಿಸಿ, ಮಡಿಲು ತುಂಬಿ, ಹೆತ್ತ ಮೇಲೆ ತಿಂಗಳುಗಟ್ಟಲೆ ಎಣ್ಣೆನೀರು, ಕಾಯ, ಬಿಸಿಯೂಟಗಳಿಂದ ಉಪಚರಿಸುವ ಈ ಪದ್ಧತಿಯು, ವೈದ್ಯದೃಷ್ಟಿಯಿಂದ ಅದರಲ್ಲಿ ದೋಷಗಳೇನೇ ಇರಲಿ, ಬಳಲಿದ ಹೆಣ್ಣಿಗೆ ಹೆತ್ತವಳ ಮಗ್ಗುಲನ್ನು ದೊರಕಿಸಿಕೊಡುವ ವಿವೇಕದಿಂದ ಕೂಡಿದೆ. ಸೂಲಗಿತ್ತಿಯು ಈ ವ್ಯವಸ್ಥೆಯ ಒಂದು ಪ್ರಧಾನ ಅಂಗವಾಗಿದ್ದಳು. ಕೂಸಿನ ಹೊಕ್ಕುಳು ಕತ್ತರಿಸಿ ಹೊರಟುಹೋಗುವವಳಲ್ಲ ಅವಳು. ದಿನವೂ ಬಂದು ತಾಯಿಗೂ ಕೂಸಿಗೂ ಎರೆದು, ಎರೆಯುತ್ತ ಊರಿನ ಸುದ್ದಿಯನ್ನು ಹೇಳಿ, ಬಾಣಂತಿಯ ಅಳುವನ್ನು ನೀರಿನ ಸದ್ದಿನಲ್ಲಿ ಮುಚ್ಚಿಕೊಟ್ಟು ಹೋಗುವವಳು. ಪಾವಗಡ ಸೀಮೆಯಲ್ಲಿ ಕೂಲಿಯ ಆಸೆಯಿಲ್ಲದೆ ದಶಕಗಳ ಕಾಲ ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೆರಿಗೆಯು ಆಸ್ಪತ್ರೆಗೆ ಸ್ಥಳಾಂತರವಾದುದರಿಂದ ತಾಯಂದಿರ ಮತ್ತು ಶಿಶುಗಳ ಪ್ರಾಣ ಉಳಿದಿದೆ. ಅದರ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸೂಲಗಿತ್ತಿಯ ಕೈಯಿಂದ ಆಸ್ಪತ್ರೆಯು ವಹಿಸಿಕೊಂಡದ್ದು ಹೆರಿಗೆಯನ್ನು ಮಾತ್ರ. ಆಕೆಯ ದಿನದಿನದ ಬರವನ್ನು ಯಾರೂ ವಹಿಸಿಕೊಂಡಿಲ್ಲ.

ಸಂಪ್ರದಾಯವೆಲ್ಲವೂ ರಕ್ಷೆಯೆಂದು ಭಾವಿಸುವುದೂ ತಪ್ಪು. ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಕೆಲವು ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸನ್ನೂ ಹೆತ್ತ ಬಾಣಂತಿಯನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಕೂಸಿನೊಡನೆ ಇರಿಸುವ ರೂಢಿಯು ನಮ್ಮ ಕಾಲದವರೆಗೂ ಉಳಿದುಬಂದಿದೆ. ಚಳಿ, ಮಳೆ, ಹಾವುಚೇಳುಗಳ ಭಯದ ನಡುವೆ ಕಳೆಯುವ ಆ ದಿನಗಳನ್ನು ಒಂಟಿತನವೆಂಬ ಮೃದುವಾದ ಮಾತಿನಿಂದ ಕರೆಯುವುದೇ ಅನ್ಯಾಯ, ಅದು ಬಹಿಷ್ಕಾರ.

ಬಾಣಂತನದ ರಕ್ಷೆ ಎಲ್ಲರನ್ನೂ ಕಾಯುವುದಿಲ್ಲವೆಂಬುದಕ್ಕೆ ವೈದ್ಯಶಾಸ್ತ್ರವು ಸಾಕ್ಷಿ ಹೇಳುತ್ತದೆ. ನೆರೆಯ ಗೋವೆಯಲ್ಲಿ ವಿಕ್ರಮ ಪಟೇಲರೂ ಅವರ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರೆಂಟು ವಾರಗಳಲ್ಲಿ ನೂರಕ್ಕೆ 23 ಮಂದಿ ತಾಯಂದಿರಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹಿಂಸೆ, ಹುಟ್ಟಿದ ಮಗು ಹೆಣ್ಣೆಂಬ ನಿರಾಶೆ ಇವು ಅದಕ್ಕೆ ಕೂಡಿಬಂದಿದ್ದುವು. ದೇಶದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೂ ನೂರಕ್ಕೆ 22 ಎಂಬ ಅಂದಾಜಿಗೇ ಬಂದಿತು. ಇದಕ್ಕೂ ಬಹಳ ಹಿಂದೆ, 1978ರಲ್ಲಿ, ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಸ್ತ್ರೀಯರನ್ನು ಕುರಿತು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಬರೆದ ಗ್ರಂಥವು, ಕಷ್ಟಕಾಲದಲ್ಲಿ ಮನಸ್ಸು ಕುಸಿಯುವುದಕ್ಕೆ ಎಡೆಮಾಡುವ ಸ್ಥಿತಿಗಳಲ್ಲಿ ಮನೆಯಲ್ಲಿ ಮೂವರು ಅಥವಾ ಹೆಚ್ಚು ಎಳೆಯ ಮಕ್ಕಳಿರುವುದನ್ನೂ, ಒಳಗುಟ್ಟು ಹೇಳಿಕೊಳ್ಳಲು ಆಪ್ತರಿಲ್ಲದಿರುವುದನ್ನೂ ಹೆಸರಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತೆರೆದ ತಾಯಿ-ಮಗು ಒಳರೋಗಿ ವಿಭಾಗದಲ್ಲಿ ಬಾಣಂತಿಯನ್ನು ಕೂಸಿನಿಂದ ಅಗಲಿಸದೆಯೇ ಚಿಕಿತ್ಸೆ ನೀಡುತ್ತಾರೆ. ಸಾಮಾನ್ಯ ಓದುಗರಿಗೆ ಬಾಣಂತಿಯರ ಮನೋವ್ಯಾಧಿಯನ್ನು ಪರಿಚಯಿಸಿದ ಕೀರ್ತಿಯಾದರೋ ವೈದ್ಯರಿಗಿಂತ ಮೊದಲು ಕಾದಂಬರಿಗಾರ್ತಿ ತ್ರಿವೇಣಿಯವರದು. 'ಶರಪಂಜರ'ವೂ, ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಆಧರಿಸಿ ತೆಗೆದ ಚಲನಚಿತ್ರವೂ, ಹೆರಿಗೆಯ ತರುವಾಯ ಬುದ್ಧಿ ಕದಡಿ ಗುಣವಾಗಿ ಬಂದವಳನ್ನು ಮನೆಯೂ ನೆರೆಯೂ ಹೇಗೆ ಮತ್ತೆ ಹೊರಗಿಡುತ್ತವೆಂಬುದನ್ನು ಕನ್ನಡಿಗರ ಮನಸ್ಸಿಗೆ ನಾಟಿಸಿದುವು.

ಇನ್ನು ಗೆಳೆತನದ ವಿಚಾರ. ಹಳ್ಳಿಯ ತಾಯಿಗೆ ಗೆಳತಿಯನ್ನು ಕಾಣಬೇಕೆಂಬುದೊಂದೇ ಹೊಸ್ತಿಲು ದಾಟಲು ಸಾಕಾದ ಕಾರಣವಾಗಿ ಎಂದೂ ಒಪ್ಪಿಗೆಯಾಗಿಲ್ಲ. ಅವಳಿಗೊಂದು ನೆಪ ಬೇಕು. ಆ ನೆಪಗಳನ್ನು ಕೆಲಸವು ಧಾರಾಳವಾಗಿ ಒದಗಿಸುತ್ತಿತ್ತು. ಬಾವಿಕಟ್ಟೆಯಲ್ಲಿ ಕೊಡ ತುಂಬುವವರೆಗಿನ ಹೊತ್ತು, ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುವ ಹೊತ್ತು, ಸೌದೆಗೆಂದು ಕಾಡಿಗೆ ಕೂಡಿ ಹೋಗುವ ಹೊತ್ತು, ನಾಟಿಯ ಗದ್ದೆಯಲ್ಲಿ ಸಾಲುಹಿಡಿದು ಬಗ್ಗಿ ನಿಂತ ಹೊತ್ತು, ಒಂದು ಮನೆಯ ಕೆಲಸಕ್ಕೆ ಇನ್ನೊಂದು ಮನೆಯವರು ಹೋಗಿ ತೀರಿಸಿಕೊಳ್ಳುವ ಮುಯ್ಯಾಳಿನ ಹೊತ್ತು ಇವೆಲ್ಲವೂ ಕೈಗೆ ಕೆಲಸವನ್ನೂ ನಾಲಗೆಗೆ ಬಿಡುವನ್ನೂ ಒಮ್ಮೆಗೇ ಕೊಡುತ್ತಿದ್ದುವು. ಒಂದು ಸೋಲಿಗೆ ಅಕ್ಕಿಯನ್ನೋ, ಒಂದು ಬಟ್ಟಲು ಹೆಪ್ಪಿನ ಮಜ್ಜಿಗೆಯನ್ನೋ, ಒಲೆ ಹೊತ್ತಿಸಲು ಒಂದು ಕೆಂಡವನ್ನೋ ಕೈಗಡ ತರಲು ಹಿತ್ತಿಲ ಬಾಗಿಲಿನಿಂದ ನೆರೆಮನೆಗೆ ಹೋಗುವ ಹೆಂಗಸಿಗೆ ಆ ವಸ್ತು ನಿಜಕ್ಕೂ ಬೇಕಾಗಿತ್ತೆ ಎಂದು ಕೇಳುವುದು ಅರಸಿಕತನ. ಕೊಟ್ಟ ಬಟ್ಟಲು ಬರಿದಾಗಿ ಹಿಂದಿರುಗಬಾರದೆಂಬ ನಡವಳಿಕೆಯೊಂದಿದೆಯಲ್ಲ, ಅದು ಮುಂದಿನ ಭೇಟಿಗೆ ಇಂದೇ ಹಾಕಿಡುವ ಗಂಟು.

ಈ ನೆಪಗಳಲ್ಲೆಲ್ಲ ಶ್ರೇಷ್ಠವಾದುದು ಬೀಸುವ ಕಲ್ಲು. ಬೆಳಕು ಹರಿಯುವುದಕ್ಕೆ ಮುಂಚೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ರಾಗಿಯನ್ನೋ ಜೋಳವನ್ನೋ ಬೀಸುತ್ತಿರುವಾಗ, ಕಲ್ಲಿನ ಸುತ್ತಿಗೆ ಸರಿಯಾಗಿ ತ್ರಿಪದಿಗಳು ಹುಟ್ಟಿದುವು. ತವರಿನ ಹಂಬಲ, ಅಣ್ಣತಮ್ಮಂದಿರ ಕಾತರ, ಅತ್ತೆಮನೆಯ ಕಾಠಿಣ್ಯ, ತೊಟ್ಟಿಲ ಕೂಸಿನ ಚೆಲುವು, ಬಂಜೆತನದ ಬೇಗೆ ಇವು ಆ ಹಾಡುಗಳ ವಸ್ತು. ನೇರವಾಗಿ ಆಡಿದರೆ ಮನೆ ಒಡೆದೀತೆಂಬ ಮಾತನ್ನು ಹಾಡಿನಲ್ಲಿ ಆಡಬಹುದಾಗಿತ್ತು. ಕೇಳಿಸಿಕೊಂಡ ಅತ್ತೆಯೂ ಅದನ್ನು ಹಾಡೆಂದೇ ಎಣಿಸಬೇಕಾಗಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರ ಸುತ್ತ ಕೂಡಿದ ಗೆಳೆಯರ ಬಳಗವು ಈ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿ 'ಗರತಿಯ ಹಾಡು' ಎಂಬ ಹೆಸರಿನಿಂದ 1931ರಲ್ಲಿ ಪ್ರಕಟಿಸಿತು. ವಿದ್ವಾಂಸರು ಅದನ್ನು ಕಾವ್ಯವೆಂದು ಮೆಚ್ಚಿದರು, ಛಂದಸ್ಸನ್ನು ವಿವೇಚಿಸಿದರು, ಅದೆಲ್ಲ ಯುಕ್ತವೇ. ಆದರೆ ಎರಡು ಕೈಗಳು ಒಂದೇ ಗೂಟವನ್ನು ಹಿಡಿದಿದ್ದುವೆಂಬುದನ್ನೂ, ಆ ಹಾಡುಗಳಲ್ಲಿ ಬಹುಪಾಲು ಕೇಳುವವಳೊಬ್ಬಳು ಎದುರಿಗಿದ್ದುದರಿಂದಲೇ ಹುಟ್ಟಿದುವೆಂಬುದನ್ನೂ ಒಟ್ಟಿಗೆ ನೆನೆದಾಗ, ಅವು ಕನ್ನಡನಾಡಿನ ತಾಯಂದಿರ ಸಖ್ಯದ ಅತಿ ದೊಡ್ಡ ದಾಖಲೆಯಾಗಿ ಕಾಣುತ್ತವೆ. ಗಂಡಸರು ಬರೆದ ಗ್ರಾಮವರ್ಣನೆಗಳಲ್ಲಿ ಈ ಲೋಕವು ಸಿಕ್ಕುವುದು ಕಡಮೆ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸಿಸಿ, 1976ರಲ್ಲಿ ನೆನಪಿನಿಂದ ಬರೆದ ಪ್ರಸಿದ್ಧ ಗ್ರಂಥವೂ ಬಹುಮಟ್ಟಿಗೆ ಜಗಲಿಯ ಮೇಲಣ ಲೋಕವನ್ನೇ ಕಂಡರಿಸುತ್ತದೆ. ಒಳಮನೆಗೆ ಪರಪುರುಷನಾದ ಸಂಶೋಧಕನು ಹೋಗುವಂತಿರಲಿಲ್ಲ.

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲವು ಇಂತಹದೇ ಒಂದು ಹಬ್ಬ. ಕೊನೆ ಕೊಯ್ದು ತಂದ ಹಸಿ ಅಡಿಕೆಯನ್ನು ಬೇಯಿಸುವ ಮುನ್ನ ಸುಲಿದು ಮುಗಿಸಲೇಬೇಕಾದುದರಿಂದ, ಸುತ್ತಣ ಮನೆಗಳ ಹೆಂಗಸರು ರಾತ್ರಿ ಊಟ ತೀರಿಸಿ, ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಮಗ್ಗುಲಲ್ಲಿ ಮಲಗಿಸಿಕೊಂಡು, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೂ ಸುಲಿಯುತ್ತಿದ್ದರು. ಕೂಲಿಯೂ ಬರುತ್ತಿತ್ತು, ಕಥೆಯೂ ನಡೆಯುತ್ತಿತ್ತು. ಮಳೆಗಾಲವಿಡೀ ಮನೆಯೊಳಗೆ ಮಡುಗಟ್ಟಿದ ಮಾತುಗಳಿಗೆ ಚಳಿಗಾಲದ ಆ ರಾತ್ರಿಗಳು ಕೋಡಿಯಾಗುತ್ತಿದ್ದುವು. ಕರಾವಳಿಯಲ್ಲಿ ಮನೆಯೊಳಗೇ ಕುಳಿತು ಬೀಡಿ ಕಟ್ಟುವ ತಾಯಂದಿರಿಗೆ, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸಿ ಎಲೆ-ತಂಬಾಕು ತರಲು ಹೋಗುವ ದಾರಿಯು ಇದೇ ಉಪಕಾರವನ್ನು ಮಾಡಿತು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆತರುವ ಪದ್ಧತಿಯಿಂದ, ಬೇರೆ ಬೇರೆ ಊರುಗಳಿಗೆ ಚೆದುರಿಹೋದ ಬಾಲ್ಯದ ಗೆಳತಿಯರು ವರ್ಷಕ್ಕೊಮ್ಮೆ ಒಂದೇ ಜೋಕಾಲಿಯ ಕೆಳಗೆ ಕೂಡುತ್ತಾರೆ.

ಹಿಟ್ಟಿನ ಗಿರಣಿ, ಮನೆಯ ನಲ್ಲಿ, ಅಡಿಗೆ ಅನಿಲ, ಅಡಿಕೆ ಸುಲಿಯುವ ಯಂತ್ರ ಇವು ಒಂದೊಂದಾಗಿ ಬಂದು ಹೆಂಗಸಿನ ಬೆನ್ನಿನ ಹೊರೆಯನ್ನು ಇಳಿಸಿದುವು. ನಾಲ್ಕು ಗಂಟೆಗೆ ಎದ್ದು ಬೀಸಿದವಳಿಗೆ, ಮೈಲಿ ದೂರದಿಂದ ಕೊಡ ಹೊತ್ತವಳಿಗೆ ಹಳೆಯ ಕಾಲ ಚೆನ್ನಾಗಿತ್ತೆಂದು ಉಪದೇಶಿಸುವುದು ನಿರ್ದಯತೆ. ಆ ದುಡಿಮೆಯನ್ನು ಹಾಡಿ ಹೊಗಳುವವರು ಸಾಮಾನ್ಯವಾಗಿ ಅದನ್ನು ಮಾಡದವರು. ಆದರೂ ಹೊರೆಯೊಡನೆ ನೆಪವೂ ಹೋಯಿತೆಂಬುದನ್ನು ದಾಖಲಿಸಲೇಬೇಕು. ಉಳಿದ ಹೊತ್ತನ್ನು ದೂರದರ್ಶನದ ಧಾರಾವಾಹಿಗಳು ತುಂಬಿದುವು. ಪ್ರತಿ ಮನೆಯಲ್ಲಿಯೂ ಒಬ್ಬೊಬ್ಬಳು ಒಂದೇ ಕಥೆಯನ್ನು ಬೇರೆ ಬೇರೆಯಾಗಿ ನೋಡತೊಡಗಿದಳು. ಬದಲಾವಣೆಯೆಲ್ಲವೂ ನಷ್ಟವೂ ಅಲ್ಲ. ಮಲೆನಾಡಿನ ಹವ್ಯಕರ ಹಳ್ಳಿಯೊಂದಕ್ಕೆ 'ತೋಟಗದ್ದೆ' ಎಂಬ ಕಲ್ಪಿತ ನಾಮವನ್ನಿಟ್ಟು 1964ರಿಂದ ದಶಕಗಳ ಕಾಲ ಅಲ್ಲಿಗೆ ಹೋಗಿಬಂದ ಅಮೆರಿಕದ ಮಾನವಶಾಸ್ತ್ರಜ್ಞೆಯೂ ಮನೋವೈದ್ಯೆಯೂ ಆದ ಹೆಲೆನ್ ಉಲ್ರಿಚ್, ಹೆಣ್ಣುಮಕ್ಕಳ ವಿದ್ಯಾಭ್ಯಾಸವೂ ವಿವಾಹದ ವಯಸ್ಸೂ ಏರಿದಂತೆಲ್ಲ, ಒಂದು ತಲೆಮಾರಿನಲ್ಲಿ ಬಾಯಿ ತೆರೆಯಲಾರದಿದ್ದ ಸ್ತ್ರೀಯರ ಮುಂದಿನ ತಲೆಮಾರು ತನ್ನ ಇಷ್ಟಾನಿಷ್ಟಗಳನ್ನು ಹೇಳಿಕೊಳ್ಳುವಂತಾದುದನ್ನು 2017ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಹಳೆಯ ನೆಪಗಳು ಹೋದೆಡೆಗೆ ಬಂದ ಹೊಸ ನೆಪಗಳಲ್ಲಿ ಮುಖ್ಯವಾದುದು ಸಂಘ. 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆಯು 1980ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಲ್ಲಿ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ತಾವಾಗಿಯೇ ಸಣ್ಣ ಗುಂಪುಗಳಾಗಿ ಕೂಡುತ್ತಿದ್ದುದನ್ನು ಕಂಡು, ಆ ಪರಸ್ಪರ ಒಲವನ್ನೇ ತಳಹದಿಯಾಗಿಟ್ಟುಕೊಂಡು ಸ್ವಸಹಾಯ ಗುಂಪುಗಳನ್ನು ಬೆಳೆಸಿತು. ಹಣಕ್ಕಿಂತ ಮೊದಲು ಸ್ನೇಹವಿತ್ತೆಂಬ ಈ ಸಂಗತಿಯು ಮುಂದೆ ಅಂಕಿಅಂಶಗಳ ರಾಶಿಯಲ್ಲಿ ಮರೆಯಾದುದು ವಿಷಾದಕರ. 1982ರಲ್ಲಿ ಮೊದಲಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಗುಂಪುಗಳ ಬ್ಯಾಂಕು ಜೋಡಣೆ, 2000-01ರಲ್ಲಿ ರಾಜ್ಯ ಸರ್ಕಾರ ಕೈಗೊಂಡ ಸ್ತ್ರೀಶಕ್ತಿ ಯೋಜನೆ ಇವುಗಳಿಂದ ವಾರಕ್ಕೊಂದು ದಿನ, ಗಂಡನ ಅಥವಾ ಅತ್ತೆಯ ಅಪ್ಪಣೆಯನ್ನು ಕೇಳದೆಯೇ, 'ಸಂಘಕ್ಕೆ ಹೋಗಿಬರುತ್ತೇನೆ' ಎಂದು ಹೇಳಿ ಹೊರಡುವ ಹಕ್ಕು ಲಕ್ಷಾಂತರ ತಾಯಂದಿರಿಗೆ ದೊರೆಯಿತು. 1989ರಲ್ಲಿ ಬೀದರ, ವಿಜಯಪುರ, ಮೈಸೂರು ಜಿಲ್ಲೆಗಳಲ್ಲಿ ತೊಡಗಿದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಸಾಲದ ಮಾತನ್ನೇ ಎತ್ತದೆ, ಬಡ ಮತ್ತು ದಲಿತ ಸ್ತ್ರೀಯರನ್ನು ಕೂಡಿಸಿ ಮಾತನಾಡಿಸುವುದನ್ನೇ ಶಿಕ್ಷಣವೆಂದು ಬಗೆಯಿತು. ಅದರ ದೃಷ್ಟಿ ಈ ಲೇ‌ಖಕನಿಗೆ ಎಲ್ಲಕ್ಕಿಂತ ಆಳವಾದುದೆಂದು ತೋರುತ್ತದೆ. ಸಾಲವನ್ನು ಕೇಂದ್ರವಾಗಿ ಮಾಡಿಕೊಂಡೆಡೆ ಸ್ನೇಹಕ್ಕೆ ಅಪಾಯವೂ ಒದಗಿದೆ. ಒಬ್ಬಳು ಕಂತು ತಪ್ಪಿಸಿದರೆ ಗುಂಪೆಲ್ಲ ಹೊಣೆಯಾಗಬೇಕಾದಲ್ಲಿ, ನಿನ್ನೆಯವರೆಗೂ ಕೂಸನ್ನು ಎತ್ತಿಕೊಂಡಿದ್ದ ಗೆಳತಿಯೇ ಇಂದು ಬಾಗಿಲಲ್ಲಿ ವಸೂಲಿಗೆ ನಿಲ್ಲುತ್ತಾಳೆ. ಕಿರುಸಾಲ ಕಂಪನಿಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ರಾಜ್ಯವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದಿತು.

ತಾಯಂದಿರ ಕೂಟವು ಮನಸ್ಸಿಗೆ ಮಾತ್ರವಲ್ಲದೆ ಪ್ರಾಣಕ್ಕೂ ಹಿತವೆಂಬುದಕ್ಕೆ ಪ್ರಬಲವಾದ ಪ್ರಮಾಣವು ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಿಂದ ಬಂದಿದೆ. ಏಕ್‌ಜುಟ್ ಎಂಬ ಸಂಸ್ಥೆಯು ಅಲ್ಲಿ ತಿಂಗಳಿಗೊಮ್ಮೆ ಹೆಂಗಸರನ್ನು ಕೂಡಿಸಿ, ಕಥೆ ಮತ್ತು ಚಿತ್ರಗಳ ಮೂಲಕ ಬಸಿರು-ಬಾಣಂತನದ ತೊಡಕುಗಳನ್ನು ಅವರೇ ಚರ್ಚಿಸುವಂತೆ ಮಾಡಿತು. 2010ರಲ್ಲಿ ಪ್ರಕಟವಾದ ಪರಿಣಾಮವೆಂದರೆ, ಮೂರು ವರ್ಷಗಳ ಅವಧಿಯಲ್ಲಿ ಅಂತಹ ಕೂಟಗಳಿದ್ದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಮರಣವು ನೂರಕ್ಕೆ 32ರಷ್ಟು ಕಡಮೆಯಾಗಿತ್ತು. ತಾಯಂದಿರ ಖಿನ್ನತೆಯು ಒಟ್ಟಿನಲ್ಲಿ ಇಳಿಯದಿದ್ದರೂ, ಮೂರನೆಯ ವರ್ಷದಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ನೂರಕ್ಕೆ 57ರಷ್ಟು ತಗ್ಗಿತ್ತು. ಸ್ನೇಹಕ್ಕೆ ಬೇರೂರಲು ಎರಡು ಮಳೆಗಾಲ ಬೇಕಾಯಿತೆಂದು ಇದನ್ನು ಓದಿಕೊಂಡರೆ ತಪ್ಪಾಗಲಾರದು. ಗೋವೆಯಲ್ಲಿ ಖಿನ್ನತೆಯಿಂದ ಬಳಲುವ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಮನೆಗೆ ಹೋಗಿ ಮಾತನಾಡಿಸಲು, ವೈದ್ಯಶಿಕ್ಷಣವಿಲ್ಲದ, ತಾವೂ ತಾಯಂದಿರಾದ ಸ್ಥಳೀಯ ಹೆಂಗಸರನ್ನು ತರಬೇತುಗೊಳಿಸಿದಾಗ, ಅವರಿಗೆ ಇಟ್ಟ ಹೆಸರು 'ಸಖಿ'.

ಅನ್ಯ ದೇಶಗಳಲ್ಲಿಯೂ ನೆಪದ ನಿಯಮವೇ ನಡೆದಂತೆ ಕಾಣುತ್ತದೆ. ಕೆನಡದ ಆಂಟೇರಿಯೊ ಪ್ರಾಂತದಲ್ಲಿ, ಕೆಟ್ಟ ಹಾಲಿನಿಂದ ತನ್ನ ಶಿಶುವನ್ನು 1889ರಲ್ಲಿ ಕಳೆದುಕೊಂಡ ಅಡಿಲೇಡ್ ಹುಡ್‌ಲೆಸ್ ಎಂಬಾಕೆಯ ಪ್ರೇರಣೆಯಿಂದ 1897ರಲ್ಲಿ ಸ್ಟೋನಿ ಕ್ರೀಕ್ ಎಂಬ ಹಳ್ಳಿಯಲ್ಲಿ ಮೊದಲ ಮಹಿಳಾ ಸಂಸ್ಥೆ ಸ್ಥಾಪಿತವಾಯಿತು. ಗೃಹವಿಜ್ಞಾನವನ್ನು ಕಲಿಸುವುದು ಅದರ ಘೋಷಿತ ಉದ್ದೇಶ; ಆದರೆ ದೂರದೂರದ ಹೊಲಮನೆಗಳಿಂದ ರೈತಪತ್ನಿಯರು ಬಂಡಿ ಕಟ್ಟಿಕೊಂಡು ಬಂದುದು ಹಣ್ಣಿನ ಪಾಕವನ್ನು ಕಲಿಯುವುದಕ್ಕೆ ಮಾತ್ರವೇ ಆಗಿರಲಾರದು. 1915ರಲ್ಲಿ ವೇಲ್ಸಿನ ಆಂಗ್ಲ್‌ಸಿ ದ್ವೀಪದ ಮೂಲಕ ಅದು ಬ್ರಿಟನ್ನಿಗೆ ಬಂದಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ 1922ರಲ್ಲಿ ಹುಟ್ಟಿದ ಗ್ರಾಮೀಣ ಮಹಿಳೆಯರ ಸಂಘವು, ಪೇಟೆಗೆ ಬಂದ ತಾಯಂದಿರು ಕೂಸಿಗೆ ಹಾಲೂಡಿ ನಾಲ್ಕು ಮಾತನಾಡಿ ದಣಿವಾರಿಸಿಕೊಳ್ಳಲೆಂದು ವಿಶ್ರಾಂತಿ ಕೊಠಡಿಗಳನ್ನು ತೆರೆಯಿತು. ನಮ್ಮ ಸಂತೆಯೂರುಗಳಲ್ಲಿ ಇಂತಹ ಕೊಠಡಿಯೊಂದಿಲ್ಲದಿರುವುದು ಕಣ್ಣಿಗೆ ಹೊಡೆಯುವ ಕೊರತೆ.

ಕರ್ನಾಟಕದಲ್ಲಿ ಅದಕ್ಕೆ ಹತ್ತಿರವಾಗಿ ಬರುವುದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ, ರಾಜ್ಯದಲ್ಲಿ ಆಯ್ಕೆಯಾದುದು ಟಿ. ನರಸೀಪುರ. 2017ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಯರೂ ಬಾಣಂತಿಯರೂ ಮಧ್ಯಾಹ್ನದ ಬಿಸಿಯೂಟವನ್ನು ಅಂಗನವಾಡಿಗೆ ಬಂದು ಅಲ್ಲಿಯೇ ಉಣ್ಣಬೇಕು. ಧಾನ್ಯವನ್ನು ಮನೆಗೆ ಕೊಟ್ಟರೆ ಅದು ಮನೆಮಂದಿಯಲ್ಲಿ ಹಂಚಿಹೋಗಿ ಬಸಿರಿಯ ಪಾಲು ಕಿರಿದಾಗುವುದೆಂಬ ಪೌಷ್ಟಿಕ ಕಾರಣ ಅದಕ್ಕಿತ್ತು. ಮಲೆನಾಡಿನ ಏರಿಳಿತಗಳಲ್ಲಿ ದಿನವೂ ಅಷ್ಟು ದೂರ ನಡೆಯುವುದು ತುಂಬುಗರ್ಭಿಣಿಗೆ ಕಷ್ಟವೆಂದೂ, ಹಸಿಬಾಣಂತಿಯನ್ನು ಹೊರಗೆ ಕಳುಹಿಸುವುದಕ್ಕೆ ಮನೆಯವರು ಒಪ್ಪುವುದಿಲ್ಲವೆಂದೂ, ಕೆಲವೆಡೆ ಪಂಕ್ತಿಯಲ್ಲಿ ಜಾತಿ ಅಡ್ಡಬರುವುದೆಂದೂ ಆಕ್ಷೇಪಗಳು ಎದ್ದುವು, ಅವೆಲ್ಲವೂ ವಾಸ್ತವವೇ. ಆದರೆ ಬಂದು ಉಂಡವರಿಗೆ ಅನ್ನಸಾರಿನ ಜೊತೆಗೆ ಲೆಕ್ಕಪುಸ್ತಕದಲ್ಲಿ ನಮೂದಾಗದ ಇನ್ನೊಂದು ಪಡಿಯೂ ದೊರೆಯಿತು. ಏಳನೆಯ ತಿಂಗಳಿನವಳು ಮೂರು ತಿಂಗಳ ಕೂಸಿನವಳ ಪಕ್ಕದಲ್ಲಿ ಕುಳಿತು, ಯಾರನ್ನೂ ಕೇಳಲಾಗದಿದ್ದುದನ್ನು ಅವಳನ್ನು ಕೇಳಿದಳು.

ಸಂಚಾರವು ಈ ಕಥೆಯ ಇತ್ತೀಚಿನ ಅಧ್ಯಾಯ. ಮೇಲೆ ಹೇಳಿದ 2019-21ರ ಸಮೀಕ್ಷೆಯಂತೆ ಸಂತೆಗೆ, ಆಸ್ಪತ್ರೆಗೆ, ಊರ ಹೊರಗೆ ಈ ಮೂರೂ ಕಡೆಗೆ ಒಬ್ಬಳೇ ಹೋಗಿಬರುವ ಸ್ವಾತಂತ್ರ್ಯವು ದೇಶದ ಸ್ತ್ರೀಯರಲ್ಲಿ ನೂರಕ್ಕೆ 42 ಮಂದಿಗೆ ಮಾತ್ರ ಉಂಟು. ಕೈಫೋನು ಬಂದ ಮೇಲೆ ತವರಿನ ದನಿಯು ದಿನವೂ ಕಿವಿಗೆ ಬೀಳುತ್ತಿದೆ. ಹಾಗೆಂದರೂ ಅತ್ತೆಮನೆಯ ನಡುಮನೆಯಲ್ಲಿ ನಿಂತು ಆಡುವ ಮಾತು ಕುಶಲಪ್ರಶ್ನೆಯನ್ನು ದಾಟುವುದು ಕಷ್ಟ. 2023ರ ಜೂನ್ 11ರಂದು ಕರ್ನಾಟಕವು ಶಕ್ತಿ ಯೋಜನೆಯ ಮೂಲಕ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರ ಪ್ರಯಾಣವನ್ನು ಉಚಿತಗೊಳಿಸಿದಾಗ, ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ಸವದತ್ತಿ ಮೊದಲಾದ ಕ್ಷೇತ್ರಗಳಿಗೆ ಹಳ್ಳಿಯ ಹೆಂಗಸರು ಗುಂಪುಗುಂಪಾಗಿ ಹೊರಟುದನ್ನು ಕಂಡು, ಇಷ್ಟೊಂದು ಭಕ್ತಿ ಒಮ್ಮೆಗೇ ಎಲ್ಲಿಂದ ಉಕ್ಕಿತೆಂದು ಅಚ್ಚರಿಪಟ್ಟವರಿದ್ದರು. ದೇವರ ಹರಕೆಯೆಂದರೆ ಬೇಡವೆನ್ನುವ ಧೈರ್ಯ ಯಾವ ಮನೆಗೂ ಇಲ್ಲವಷ್ಟೆ. ಕೈಯಲ್ಲಿ ಆಧಾರ್ ಚೀಟಿ, ಮಡಿಲಲ್ಲಿ ಕೂಸು, ಸೆರಗಿನಲ್ಲಿ ಬುತ್ತಿಯ ಗಂಟು ಹಿಡಿದು, ಒಂದೇ ಸೀಟಿನಲ್ಲಿ ಮೂವರು ಒತ್ತಿ ಕುಳಿತು, ಬೆಟ್ಟದ ತಿರುವುಗಳುದ್ದಕ್ಕೂ ಮಾತನಾಡುತ್ತ ಹೋಗುವ ಆ ತಾಯಂದಿರು, ಮರಳುವ ಬಸ್ಸು ಊರ ಬಾಗಿಲಿಗೆ ಬಂದು ನಿಂತ ಮೇಲೂ ಇಳಿಯಲು ತುಸು ತಡಮಾಡುತ್ತಾರೆ.